ಖಾಜಾಸಾಬರ ನಲವತ್ತು ದಿನ

ಖಾಜಾಸಾಬರು ಲ್ಯಾಪ್‌ಟಾಪಿನ ಮುಖ ನೋಡುತ್ತಿರಲಿಲ್ಲ. ಚಾಲೂ ಮಾಡಿ, ಬೋರಲು ಮಲಗಿಸಿ, ಅದರ ಬೆನ್ನಿಗೆ ಎಡಗಿವಿ ಹಚ್ಚಿ, ಕಣ್ಣು ಮುಚ್ಚಿ ಕೂಡುತ್ತಿದ್ದರು. ಜೇವರ್ಗಿಯ ಅವರ ಅಂಗಡಿಗೆ ಮೊದಲ ಸಲ ಬಂದವರು, ಒಳಗೆ ಯಾರೋ ತೀರಿಕೊಂಡಿದ್ದಾರೆಂದು ಚಪ್ಪಲಿ ಬಿಟ್ಟು ಹೊಸ್ತಿಲಲ್ಲೇ ನಿಲ್ಲುತ್ತಿದ್ದರು. ನಾನೂ ನಿಂತೆ.

ಕಿಟಕಿಯಿಲ್ಲದ ಉದ್ದನೆಯ ಕೋಣೆ. ಗೋಡೆಯ ಹಲಗೆಗಳ ಮೇಲೆ ಸಾಲಾಗಿ ಹಳೆಯ ಲ್ಯಾಪ್‌ಟಾಪುಗಳು. ಒಂದೊಂದರ ಮೇಲೂ ಬಿಳಿ ಬಟ್ಟೆ, ಬಟ್ಟೆಯ ಅಂಚಿಗೊಂದು ತಾರೀಖಿನ ಚೀಟಿ. ರೇಡಿಯೊ ರಿಪೇರಿಯಿಂದ ಶುರುಮಾಡಿದ ಸಾಬರು ಈಗ ಹಳೆಯ ಲ್ಯಾಪ್‌ಟಾಪ್ ಕೊಂಡು, ಅದರಲ್ಲಿದ್ದದ್ದನ್ನು ಅಳಿಸಿ, ವಿಂಡೋಸಿನ ಬದಲು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಮಾರುತ್ತಿದ್ದರು. ಆದರೆ ಕೊಂಡ ಕೂಡಲೇ ಅಳಿಸುತ್ತಿರಲಿಲ್ಲ.

"ನಲವತ್ತು ದಿನ ಇಡಬೇಕ್ರಿ ಮಾಸ್ತರ. ಮನಷ್ಯಾ ಸತ್ರ ನಾವು ಚಾಲೀಸ್ವಾ ಮಾಡ್ತೇವಿಲ್ಲೋ? ಇದರಾಗೂ ಯಾರದೋ ಬಾಳೇವ ಅದ. ಮರತು ಬಿಟ್ಟಿದ್ದು ಕೇಳಾಕ ಬರ್ತಾರ."

"ಖರೇನ ಬರ್ತಾರೇನ್ರಿ?"

"ಬರ್ತಾರ. ಎಲ್ಲಾರೂ ಬಾಗಿಲಿಂದನ ಬರ್ತಾರಂತ ಹೇಳಾಕ ಬರಂಗಿಲ್ಲ."

ಆಳಂದದ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಇಂಥ ಮಾತಿಗೆ ನಮ್ಮ ಇಲಾಖೆಯ ಮಂಜೂರಾತಿ ಇಲ್ಲ. ಆದರೂ ಕುರ್ಚಿಯನ್ನು ಬಾಗಿಲಿಗೆ ಮುಖ ಮಾಡಿ ಇಟ್ಟುಕೊಂಡೆ.

ನಾನು ಹೋದದ್ದು ನಮ್ಮ ಅಕ್ಕನ ಸಲುವಾಗಿ. ಮಣ್ಣೂರಿಗೆ ಕೊಟ್ಟಿದ್ದ ಗಂಗವ್ವ. ಹೊಳೆ ದಂಡೆಯ ಆ ಊರಲ್ಲಿ ಅವಳ ಸೋಬಾನೆಯಿಲ್ಲದೆ ಮದುವೆಯಾಗುತ್ತಿರಲಿಲ್ಲ. ಅವಳು ತೀರಿದ ಮೇಲೆ ಉಳಿದದ್ದು ಯಾರದೋ ಮದುವೆಯ ವಿಡಿಯೊದಲ್ಲಿ ಹನ್ನೊಂದು ನಿಮಿಷ. ಚಿತ್ರದ ತುಂಬ ಗೆರೆ, ಧ್ವನಿಯ ತುಂಬ ಜನರೇಟರಿನ ಗದ್ದಲ. ಅದನ್ನು ನಾನೇ ತಿಕ್ಕಿ ತೊಳೆಯುತ್ತೇನೆಂದು ಪಣ ತೊಟ್ಟು ಲ್ಯಾಪ್‌ಟಾಪ್ ಕೊಳ್ಳಲು ಹೊರಟಿದ್ದೆ. ಬೇರೆಲ್ಲೂ ಅವಳ ಧ್ವನಿ ಇರಲಿಲ್ಲ.

"ವಿಡಿಯೊ ತಿದ್ದಾಕ ಗ್ರಾಫಿಕ್ಸ್ ಕಾರ್ಡ್ ದೊಡ್ಡದು ಬೇಕ್ರಿ," ಎಂದೆ, ಇಂಟರ್‌ನೆಟ್ಟಿನಲ್ಲಿ ಓದಿದವರ ಗಾಂಭೀರ್ಯದಿಂದ.

"ಎಷ್ಟ ದೊಡ್ಡದು?"

"ಇದ್ದದ್ದರಾಗ ದೊಡ್ಡದು."

"ಹನ್ನೊಂದು ನಿಮಿಷದ ಅಕ್ಕಗ ಹನ್ನೆರಡು ಎತ್ತಿನ ಬಂಡಿ ಕಟ್ಟತೀರೇನ್ರಿ?" ಎಂದವರು, ಅಳಿಸಿ ಸಿದ್ಧವಾಗಿದ್ದ ಎರಡನ್ನು ಹೊರಗೆ ತೆಗೆದರು.

ಮೊದಲನೆಯದರಲ್ಲಿ ಭಾರೀ ಕಾರ್ಡು. ಅಕ್ಕನ ವಿಡಿಯೊ ಹಚ್ಚಿದರು. ಚಿತ್ರ ನೀರಿನಂತೆ ಹರಿಯಿತು, ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗಿತು. ಸಾಬರು ಅದನ್ನು ಒಮ್ಮೆ ಮುಚ್ಚಿ ಮತ್ತೆ ತೆರೆದರು. ಪರದೆ ಕಪ್ಪು. ಆ ಕತ್ತಲೆಯೊಳಗೆ ಅಕ್ಕ ಮಾತ್ರ ಹಾಡುತ್ತಲೇ ಇದ್ದಳು.

"ಈ ಕಾರ್ಡ್ ಮಾಡಿದವರು ತಮ್ಮ ಗುಟ್ಟು ಲಿನಕ್ಸಿಗೆ ಬಿಟ್ಟುಕೊಟ್ಟಿಲ್ಲ. ಮಲಗಿದ್ದು ಏಳ್ತದ, ಕಣ್ಣ ತೆರಿಯಂಗಿಲ್ಲ," ಎಂದು ಸಾಬರು ಮೆಲ್ಲಗೆ ಮುಚ್ಚಿದರು, ಹೆಣದ ಮುಖ ಮುಚ್ಚಿದ ಹಾಗೆ.

ಎರಡನೆಯದರಲ್ಲಿ ಬೇರೆ ಕಾರ್ಡೇ ಇಲ್ಲ. ಸದ್ದಿಲ್ಲದ ಬಡಪಾಯಿ. ಗೆರೆ ತೆಗೆಯುವ ಕೆಲಸ ಕೊಟ್ಟದ್ದೇ ತಡ, ಅಕ್ಕನ ತೆರೆದ ಬಾಯಿ ತೆರೆದಲ್ಲೇ ನಿಂತಿತು. ಹಾಡು ಅವಳನ್ನು ಬಿಟ್ಟು ಮುಂದೆ ಹೋಯಿತು. ಕೈ ಮುಗಿದು ಅದನ್ನೂ ಬೇಡವೆಂದೆ.

ಆಗ ಸಾಬರು ಹಲಗೆಯ ಮೇಲಿನ ಒಂದರ ಬಟ್ಟೆ ಸರಿಸಿ, ಬಹಳ ಹೊತ್ತು ಕಿವಿ ಹಚ್ಚಿದರು. "ಇದು ನಿಮ್ಮದು. ಕಾರ್ಡ್ ನಡುತರದ್ದು, ಅದನ್ನ ನಡಸೋ ಡ್ರೈವರ್ ಲಿನಕ್ಸಿನ ಹೊಟ್ಟ್ಯಾಗನ ಅದ. ಬಾಯಿ ಕಡಿಮಿ, ಕಿವಿ ಹೆಚ್ಚು. ಧ್ವನಿ ಕೆಲಸಕ್ಕ ಇಂಥಾದ್ದ ಬೇಕು. ಖರೆ, ನಲವತ್ತಕ್ಕ ಇನ್ನಾ ಒಂಬತ್ತು ದಿನ ಅದಾವ."

"ನಾ ವಿಜ್ಞಾನದಾಂವ ಇದ್ದೀನ್ರಿ ಸಾಬ."

"ವಿಜ್ಞಾನಕ್ಕ ಒಂಬತ್ತು ದಿನ ಕುಂದ್ರಾಕ ಬರಂಗಿಲ್ಲೇನ್ರಿ?"

ಹತ್ತನೆಯ ದಿನ ಹೋದೆ. ಹಿಂದಿನ ದಿನವಷ್ಟೇ ಅಂದೋಲಾದ ಹೆಣ್ಣುಮಗಳೊಬ್ಬಳು ಬಂದಿದ್ದಳಂತೆ. ತೀರಿಕೊಂಡ ಗಂಡನ ಫೋಟೊಗಳೆಲ್ಲ ನನಗೆಂದು ಇಟ್ಟಿದ್ದರಲ್ಲೇ ಉಳಿದಿದ್ದವು. ತೆಗೆದುಕೊಟ್ಟು ಕಳಿಸಿದ್ದರು. ಸಾಬರು ಉಳಿದದ್ದನ್ನು ಅಳಿಸಿ ಲಿನಕ್ಸ್ ಹಾಕಿದರು. ಲ್ಯಾಪ್‌ಟಾಪನ್ನು ನನ್ನ ಕೈಗಿಟ್ಟು ಚಹಾ ತರಿಸಿದರು.

ಚಿತ್ರದ ಗೆರೆಗಳನ್ನು ನಾನೇ ತೆಗೆದೆ. ಜನರೇಟರು ಮಾತ್ರ ಅಕ್ಕನ ಕೊರಳು ಬಿಡಲಿಲ್ಲ. "ಧ್ವನಿ ನನಗ ಬಿಡ್ರಿ, ತೆಗೀತೇನಿ," ಎಂದು ಸಾಬರು ಆ ವಿಡಿಯೊವನ್ನು ತಮ್ಮ ಸ್ವಂತ ಲ್ಯಾಪ್‌ಟಾಪಿಗೆ ಹಾಕಿಕೊಂಡರು. ಕೆಲಸ ಮುಗಿಯಿತೆಂಬ ಸುದ್ದಿ ಬರುವ ಮೊದಲೇ, ಎದೆನೋವಿನಿಂದ ಅವರು ಹೋದ ಸುದ್ದಿ ಬಂತು.

ಮಾತಾಡಿಸಿಕೊಂಡು ಬರಲು ಹೋದಾಗ ಅವರ ಹೆಂಡತಿ ಆ ಲ್ಯಾಪ್‌ಟಾಪನ್ನೇ ನನ್ನ ಕೈಗೆ ಕೊಟ್ಟರು. "ಇದರಾಗಿಂದು ಪೂರಾ ಅಳಿಸಿ ಹೊಸಾದು ಹಾಕಿ ಕೊಡ್ರಿ ಸರ್. ಮೊಮ್ಮಗಳು ಕಾಲೇಜಿಗೆ ಒಯ್ತಾಳ."

ಅಕ್ಕ ಅದರೊಳಗೆ ಸಿಕ್ಕಿದ್ದಾಳೋ ಇಲ್ಲವೋ, ಅಂದೇ ತೆರೆದು ನೋಡಬಹುದಿತ್ತು. ತೆರೆಯಲಿಲ್ಲ. ಮನೆಗೆ ತಂದು ಬಿಳಿ ಬಟ್ಟೆ ಹೊದಿಸಿ, ಸಾಬರು ತೀರಿದ ತಾರೀಖಿನ ಚೀಟಿ ಚುಚ್ಚಿದೆ. ನನ್ನ ಹೆಂಡತಿ ದೂರದಿಂದಲೇ, "ಅದಕ್ಕೇನು ಜ್ವರ ಬಂದಾವೇನ್ರಿ?" ಎಂದಳು. ಆದರೆ ಆ ಕೋಣೆಯ ಕಸವನ್ನು ಮಾತ್ರ ಆಮೇಲೆ ನಾನೇ ಗುಡಿಸಬೇಕಾಯಿತು.

ನಲವತ್ತನೆಯ ದಿನ, ಮಟಮಟ ಮಧ್ಯಾಹ್ನ, ತೆರೆದೆ. 'ಮಾಸ್ತರ ಅಕ್ಕ' ಎಂಬ ಹೆಸರಿನ ಒಂದು ಧ್ವನಿ ಫೈಲು. ಜನರೇಟರು ಇರಲಿಲ್ಲ. ಅಕ್ಕ ನನ್ನ ಪಕ್ಕದಲ್ಲೇ ಕೂತಂತೆ ಹಾಡಿದಳು. ಪಲ್ಲವಿ ಮರಳಿ ಬಂದಾಗ ಒಂದು ಗಂಡಸಿನ ಧ್ವನಿ ಜೊತೆಗೂಡಿತು. ಆ ಮದುವೆಯ ಹಾಡಿನಲ್ಲಿ ಗಂಡಸರು ಇರಲಿಲ್ಲ.

ಸಾಬರು ಹಾಡು ಹಚ್ಚಿ, ಮೈಕು ಪರೀಕ್ಷೆ ಮಾಡುತ್ತ, ತಾವೂ ಗುನುಗಿರಬೇಕು. ಈ ವಿವರಣೆ ಹೊಳೆದದ್ದು ತುಸು ತಡವಾಗಿ. ಅಷ್ಟರಲ್ಲಿ ಮೈಮೇಲಿನ ಕೂದಲು ನಿಂತು ಮುಗಿದಿತ್ತು.

ಹಾಡು ಮುಗಿಯಿತು, ಫೈಲು ಮುಗಿಯಲಿಲ್ಲ. ಖಾಲಿ ಅಂಗಡಿಯ ಗುಂಯ್ಗುಡುವ ಮೌನ, ಬಹಳ ಹೊತ್ತು. ಆಮೇಲೆ ತೀರ ಹತ್ತಿರದಿಂದ:

"ಮಾಸ್ತರ, ಕೇಳಸ್ತದೇನ್ರಿ?"

"ಕೇಳಸ್ತದ್ರಿ," ಎಂದೆ, ಗಟ್ಟಿಯಾಗಿ. ಒಳಗಿನ ಫ್ಯಾನು ನಿಂತಿತು.

ಹಾಡನ್ನು ತೆಗೆದಿಟ್ಟುಕೊಂಡು, ಉಳಿದದ್ದನ್ನೆಲ್ಲ ಅಳಿಸಿ, ಹೊಸ ಲಿನಕ್ಸ್ ಹಾಕಿದೆ. ಮೊಮ್ಮಗಳಿಗೆ ಕೊಡುವ ಮೊದಲು ಚಾಲೂ ಮಾಡಿ, ಬೋರಲು ಮಲಗಿಸಿ ಬೆನ್ನಿಗೆ ಎಡಗಿವಿ ಹಚ್ಚಿದೆ. ಒಳಗೆ ಸದ್ದೇ ಇರಲಿಲ್ಲ. ಆ ಕಡೆಯಿಂದಲೂ ಯಾರೋ ಕಿವಿ ಹಚ್ಚಿದಾಗ ಇರುತ್ತದಲ್ಲ, ಹಾಗಿತ್ತು.