ಹುಳಿಯಾಗುವ ತನಕ

ಸಕ್ಕರೆ ಕಾಯಿಲೆಯವರಿಗೆ ಸಿಗುವಷ್ಟು ಪುಕ್ಕಟೆ ಸಲಹೆ ಈ ಲೋಕದಲ್ಲಿ ಬೇರೆ ಯಾರಿಗೂ ಸಿಗುವುದಿಲ್ಲ. ಮೆಂತ್ಯದ ನೀರು, ಹಾಗಲಕಾಯಿ ರಸ, ಅಮೃತಬಳ್ಳಿ ಕಷಾಯ ಎಲ್ಲವನ್ನೂ ಕುಡಿದು ನೋಡಿದ್ದೇನೆ. ಬಾಯಿ ಕಹಿಯಾಯಿತೆಂದು ಮೇಲಿಂದ ಒಂದು ಲಾಡು ತಿಂದದ್ದೂ ಇದೆ. ಮೊನ್ನೆ ಪಕ್ಕದ ಮನೆಯಾಕೆ ನೇರಳೆ ಹಣ್ಣಿನ ಸಿರ್ಕಾ ತಂದುಕೊಟ್ಟರು. ಸಿರ್ಕಾ ಅಂದರೆ ನೀವು ವಿನೆಗರ್ ಅನ್ನುತ್ತೀರಲ್ಲ, ಅದೇ. ಮುಚ್ಚಳ ತೆಗೆದದ್ದೇ ತಡ, ಆ ಹುಳಿ ವಾಸನೆಗೆ ನನ್ನ ಕಣ್ಣಲ್ಲಿ ನೀರು ತುಂಬಿತು. "ಘಾಟು ಜಾಸ್ತಿ ಆಯ್ತಾ?" ಎಂದು ಆಕೆ ನಕ್ಕರು. ಹೌದೆಂದು ನಾನೂ ನಕ್ಕೆ.

ಘಾಟಲ್ಲ. ನಿಮ್ಮ ಹತ್ತಿರ ಹೇಳಲಿಕ್ಕೇನು, ನನಗೆ ನೆನಪಾದದ್ದು ಬಾಪ, ಅಂದರೆ ನನ್ನ ತಂದೆ.

ಎಪ್ಪತ್ತರ ದಶಕದ ಮಾತು. ಘಟ್ಟದ ಕೆಳಗಿನಿಂದ ಬಂದ ಬಾಪ ಹೊಸನಗರದ ಒಂದು ಚಿಕ್ಕ ಮದರಸದಲ್ಲಿ ಉಸ್ತಾದರಾಗಿದ್ದರು. ಮಸೀದಿಯ ಹಿಂದಿನ ಎರಡು ಕೋಣೆಯೇ ನಮ್ಮ ಮನೆ. ಮಕ್ಕಳಿಗೆ ಅವರು ವಿಧಿಗಳನ್ನು ಬರೀ ಉರು ಹೊಡೆಸುತ್ತಿರಲಿಲ್ಲ, ಯಾಕೆ ಎಂದು ಕೇಳಿಸುತ್ತಿದ್ದರು. ಮದ್ಯದ ಪಾಠ ಬಂದರಂತೂ ಅವರಿಗೆ ಹುರುಪು. "ದ್ರಾಕ್ಷಿಯದ್ದೋ, ಬಗನಿ ಮರದ್ದೋ, ಅಕ್ಕಿಯದ್ದೋ ಅಂತ ನೋಡ್ಬೇಡಿ. ಹೆಸರು ಎಂತದೇ ಇರಲಿ, ಬುದ್ಧಿ ಮಂಕಾಗ್ತದಾ? ಆಗ್ತದಾದ್ರೆ ಹರಾಮ್. ತುಂಬ ಕುಡಿದ್ರೆ ಅಮಲಾಗುವಂಥದ್ದು ಒಂದು ಹನಿಯೂ ಬೇಡ," ಎನ್ನುತ್ತಿದ್ದರು. ಆ ಮಕ್ಕಳ ಸಾಲಿನಲ್ಲಿ ಕೂತಿದ್ದ ನಾನು ಅಧಿಕಪ್ರಸಂಗಿ ಹುಡುಗಿ. "ಬಾಪಾ, ಹೊಸ ಅಡಿಕೆ ಸೊಕ್ಕಿದ್ರೂ ತಲೆ ತಿರುಗ್ತದಲ್ಲ, ಅದು?" ಎಂದೆ. ಎಲೆಯಡಿಕೆ ತುಂಬಿದ ಬಾಯಲ್ಲೇ ಬಾಪ ಗಕ್ಕನೆ ನಿಂತರು. ಹೊರಗೆ ಹೋಗಿ ಉಗುಳಿ ಬಂದು, "ತಲೆ ತಿರುಗುವುದು ಬೇರೆ, ಬುದ್ಧಿ ತಿರುಗುವುದು ಬೇರೆ. ಕೂತ್ಕೋ," ಎಂದರು. ಅವತ್ತು ಸಂಜೆ ಮಾತ್ರ ಅವರು ಎಲೆ ಹಾಕಲಿಲ್ಲ.

ಅವರಿಗೆ ಸರಿಜೋಡಿ ಸಾಗರದ ಗಫೂರ್ ಸಾಹೇಬರು. ಸಾಗರ ಪೇಟೆಯಲ್ಲಿ ಅವರದೊಂದು ಬೇಕರಿ. ಟೋಸ್ಟಿನ ಡಬ್ಬಿಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಹೊಸನಗರದ ಅಂಗಡಿಗಳಿಗೆ ಹಾಕಲು ಬರುವರು, ಬಂದವರು ನಮ್ಮ ಮನೆಯಲ್ಲಿ ಚಹಾ ಕುಡಿಯದೆ ಹೋಗರು. ಅವರ ಮನೆಮಾತು ಉರ್ದು, ನಮ್ಮದು ಬ್ಯಾರಿ. ಇಬ್ಬರೂ ಕನ್ನಡದಲ್ಲೇ ಜಗಳವಾಡುತ್ತಿದ್ದರು. ಜಗಳ ಈ ಸಿರ್ಕಾದ್ದೇ.

ನೇರಳೆ ರಸವನ್ನು ಭರಣಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿಟ್ಟರೆ ಅದು ನೊರೆಯೇರಿ ಮೊದಲು ಮದ್ಯವಾಗುತ್ತದೆ. ಇನ್ನೂ ಬಿಟ್ಟರೆ ಹುಳಿಯಾಗಿ ಸಿರ್ಕಾ ಆಗುತ್ತದೆ. ಅಮಲು ಹೋದ ಮೇಲೆ ನಿಷೇಧದ ಕಾರಣವೇ ಹೋಯಿತು, ಹಾಗಾಗಿ ಸಿರ್ಕಾ ಹಲಾಲ್. ಇಲ್ಲಿಯವರೆಗೆ ಇಬ್ಬರಿಗೂ ಒಪ್ಪಿಗೆ. ಆದರೆ ಬೇಗ ಹುಳಿಯಾಗಲೆಂದು ಗಫೂರ್ ಸಾಹೇಬರು ಭರಣಿಗೆ ಉಪ್ಪು ಹಾಕುತ್ತಿದ್ದರು. ಅವರ ಹನಫಿ ಪಂಥದಲ್ಲಿ ಅದು ನಡೆಯುತ್ತದೆ. ನಮ್ಮ ಶಾಫಿ ಪಂಥದಲ್ಲಿ ನಡೆಯುವುದಿಲ್ಲ. "ಹಾಕಿದ ಉಪ್ಪು ಮೊದಲು ಮದ್ಯದಲ್ಲಿ ಮುಳುಗಿ ಅಶುದ್ಧ ಆಗ್ತದೆ. ಆಮೇಲೆ ಅದೇ ಸಿರ್ಕಾವನ್ನು ಕೆಡಿಸ್ತದೆ. ಬೇಕಾದ್ರೆ ಭರಣಿಯನ್ನು ಬಿಸಿಲಿಂದ ನೆರಳಿಗೆ ಎತ್ತಿಡಿ, ಒಳಗೆ ಎಂತದೂ ಹಾಕ್ಬೇಡಿ. ತಾನಾಗಿ ತಿರುಗಬೇಕು," ಎಂದು ಬಾಪ. "ನಿಮ್ದು ತಿರುಗೋ ಹೊತ್ತಿಗೆ ನನ್ ಮೊಮ್ಮಕ್ಕಳು ಮುದುಕ್ರಾಗ್ತಾರೆ ಉಸ್ತಾದ್ರೇ," ಎಂದು ಸಾಹೇಬರು. ಆದರೂ ವರ್ಷವರ್ಷ ಒಂದು ಬಾಟಲಿ ತಂದಿಡುತ್ತಿದ್ದರು. ಬಾಪ ಗೌರವದಿಂದ ತೆಗೆದುಕೊಳ್ಳುವರು, ಉಮ್ಮ, ಅಂದರೆ ನನ್ನ ತಾಯಿ, ಅದನ್ನು ಓಣಿಯ ಉರ್ದು ಮನೆಗಳಿಗೆ ಹಂಚುವರು. ನಮ್ಮ ನಾಲಿಗೆಗೆ ಒಂದು ತೊಟ್ಟೂ ಬೀಳಲಿಲ್ಲ.

ಅಷ್ಟರಲ್ಲಿ ನನ್ನ ಅಣ್ಣ ರಫೀಕ ಕುಡಿಯಲು ಕಲಿತ.

ಲಾರಿ ಕ್ಲೀನರ್ ಆಗಿ ಸೇರಿದವನು ಡ್ರೈವರ್ ಆಗಿದ್ದ. ಮನೆಗೆ ಬರುವಾಗ ಬಾಯಿ ತುಂಬ ಏಲಕ್ಕಿ. "ಪಾಯಸಕ್ಕಿಲ್ಲದ ಏಲಕ್ಕಿ ಇವನ ಬಾಯಲ್ಲಿ," ಎಂದು ಉಮ್ಮ ಗೊಣಗಿದರು, ಮರುದಿನ ವಿಷಯ ತಿಳಿದು ಅತ್ತರು. ಉಸ್ತಾದರ ಮಗ! ಓಣಿಯೆಲ್ಲ ಗುಸುಗುಸು. ಬಾಪ ಹೊಡೆಯಲಿಲ್ಲ, ಬೈಯಲಿಲ್ಲ, ಒಂದು ಮಾತನ್ನೂ ಕೇಳಲಿಲ್ಲ. "ಅವನ ಹತ್ರ ಮಾತಾಡಿ," ಎಂದು ಉಮ್ಮ ಅಂಗಲಾಚಿದರೆ, "ತಾನಾಗಿ ತಿರುಗಬೇಕು. ನಾನು ಕೈ ಹಾಕಿದ್ರೆ ಇನ್ನೂ ಕೆಡ್ತಾನೆ," ಎಂದರು. ಆಮೇಲೆ ಯಾರನ್ನೋ ಹಿಡಿದು ಅವನಿಗೆ ಕಾರ್ಗಲ್‌ನಲ್ಲಿ ಒಬ್ಬ ಕಂಟ್ರಾಕ್ಟರರ ಲಾರಿ ಓಡಿಸುವ ಕೆಲಸ ಕೊಡಿಸಿದರು. ಬಿಸಿಲಿಂದ ನೆರಳಿಗೆ ಎತ್ತಿಟ್ಟದ್ದು. ಮಗನಿಗೂ ಅದೇ ಶಾಸ್ತ್ರ ಹಿಡಿದರೆಂದು ಗೊತ್ತಾಗುವಷ್ಟು ಪಾಠ ನನಗೂ ಬಾಯಿಗೆ ಬರುತ್ತಿತ್ತು.

ಸುದ್ದಿ ತಿಳಿದು ಗಫೂರ್ ಸಾಹೇಬರು ಡಬ್ಬಿಯಿಲ್ಲದೆ ಬಂದರು. "ಹುಡುಗನ್ನ ನನ್ ಹತ್ರ ಬಿಡಿ. ನನ್ ಜೊತೆನೇ ಬೇಕರಿ ಭಟ್ಟಿ ಮುಂದೆ ನಿಲ್ಲಿಸ್ಕೊಳ್ತೀನಿ, ನನ್ ಜೊತೆನೇ ಊಟ, ನಮಾಜು."

"ಬೇಡ ಸಾಹೇಬ್ರೇ."

"ನೀವೇ ಪಾಠ ಮಾಡ್ತೀರಿ. ಅಲ್ಲಾಹನೇ ಜನರಿಗೆ ಒಂದೇ ಏಟಿಗೆ ಬಿಡಿಸ್ಲಿಲ್ಲ. ಮೊದ್ಲು ಲಾಭಕ್ಕಿಂತ ಕೇಡು ದೊಡ್ಡದು ಅಂದ. ಆಮೇಲೆ ಅಮಲಿನಲ್ಲಿ ನಮಾಜಿಗೆ ಬರಬೇಡಿ ಅಂದ. ಕೊನೆಗೆ ಪೂರ್ತಿ ಬಿಡಿ ಅಂದ. ಅವನೇ ಮತ್ತೆ ಮತ್ತೆ ಮಾತಾಡಿದಾನೆ. ನೀವು ಒಂದ್ ಸಲನಾದ್ರೂ ಬಾಯಿ ಬಿಡಿ ಉಸ್ತಾದ್ರೇ!"

ಬಾಪ ಟೋಪಿ ಸರಿಮಾಡಿಕೊಂಡರು. "ಅದು ದೇವರ ಮಾತು. ನನ್ನ ಮಾತಿಗೆ ಅಷ್ಟು ಶಕ್ತಿ ಉಂಟಾ?" ಎಂದರು.

ಮುಂದಿನ ಬಕ್ರೀದಿಗೆ ರಫೀಕ ಬಂದಾಗ ಸೊರಗಿದ್ದ, ಹೊಟ್ಟೆ ಮಾತ್ರ ಉಬ್ಬಿತ್ತು. ಹಿತ್ತಲ ಮೆಟ್ಟಿಲ ಮೇಲೆ ನನ್ನ ಪಕ್ಕ ಕುಳಿತು, "ಬಾಪ ನನ್ನ ಬಗ್ಗೆ ಏನಾದ್ರೂ ಹೇಳ್ತಾರಾ?" ಎಂದು ಕೇಳಿದ. ಇಲ್ಲವೆಂದೆ. "ಬೈದಿದ್ರೂ ಸಾಕಿತ್ತು," ಎಂದ. ಸಂಜೆಯ ಬಸ್ಸಿಗೆ ಹೊರಟುಹೋದ.

ರಕ್ತ ಕಾರಿಕೊಂಡು ಸಾಗರದ ಆಸ್ಪತ್ರೆಯಲ್ಲಿದ್ದಾನೆಂದು ಸುದ್ದಿ ಬಂದಾಗ ಬಾಪನ ಜೊತೆ ನಾನೂ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರ ತುಟಿ ಅಲುಗುತ್ತಿತ್ತು. ಪ್ರಾರ್ಥನೆಯೆಂದು ಸುಮ್ಮನಿದ್ದೆ. ಬಸ್ಸು ಒಂದು ಕಡೆ ನಿಂತಾಗ ಕಿವಿಗೆ ಬಿತ್ತು: "ರಫೀಕಾ, ಬಾ ಮಗಾ, ಮನೆಗೆ ಹೋಗುವ." ಬಾಪ ಮಾತು ಕಲಿಯುತ್ತಿದ್ದರು. ಅಷ್ಟು ಜನ ಮಕ್ಕಳಿಗೆ ಪಾಠ ಹೇಳಿದವರು ಆ ಒಂದು ವಾಕ್ಯವನ್ನು ಮತ್ತೆ ಮತ್ತೆ ತಿದ್ದಿ ತಿದ್ದಿ ಹೇಳಿಕೊಳ್ಳುತ್ತಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಗಫೂರ್ ಸಾಹೇಬರು ನಿಂತಿದ್ದರು. ಅವರು ತಲೆ ಎತ್ತಲಿಲ್ಲ. ಆ ಮಾತು ಕೇಳಲು ರಫೀಕ ಉಳಿದಿರಲಿಲ್ಲ.

ಆ ವರ್ಷವೂ ಸಾಹೇಬರು ಸಿರ್ಕಾ ತಂದರು. ಉಮ್ಮ ಎತ್ತಿಡಲು ಹೋದಾಗ ಬಾಪ ಬಾಟಲಿ ಕಸಿದುಕೊಂಡು, ಅಂಗೈಗೆ ಸುರಿದು ನೆಕ್ಕಿದರು. "ಹುಳಿಯಾಗಿದೆ," ಎಂದರು. "ಉಪ್ಪು ಹಾಕಿದ್ರೂ ಹುಳಿಯಾಗ್ತದೆ." ಮೊದಲ ಸಲ ಅವರು ಬಿಕ್ಕಿ ಬಿಕ್ಕಿ ಅತ್ತದ್ದನ್ನು ಕಂಡೆ. ಸಮಾಧಾನಕ್ಕೋ ನಿಜಕ್ಕೋ, ಸಾಹೇಬರು, "ಹಾಕಿದ್ರೂ ಕೆಲವು ಭರಣಿ ಕೆಟ್ಟುಹೋಗುತ್ತೆ ಉಸ್ತಾದ್ರೇ," ಎಂದರು.

"ಕೆಡಲಿ. ಹಾಕಿ ನೋಡಿದೆ ಅಂತ ಹೇಳಬಹುದಿತ್ತಲ್ಲ," ಎಂದರು ಬಾಪ.

ಆಮೇಲೆ ಅವರು ಬಹಳ ವರ್ಷ ಪಾಠ ಮಾಡಿದರು. ಮದ್ಯದ ಪಾಠ ಬಂದಾಗ ಮಾತ್ರ ಪುಟ ಮಗುಚಿ ಮುಂದೆ ಹೋಗುತ್ತಿದ್ದರು.

ಈಗ ಆ ಮನೆಯವರು ಯಾರೂ ಇಲ್ಲ, ನಾನೊಬ್ಬಳೇ ಉಳಿದಿದ್ದೇನೆ. ಮೊನ್ನೆ ಪಕ್ಕದ ಮನೆಯಾಕೆ ಸಿರ್ಕಾ ಕೊಟ್ಟು ಹೊರಟಾಗ, ತಡೆಯಲಾರದೆ, "ಇದಕ್ಕೆ ಉಪ್ಪು ಗಿಪ್ಪು ಹಾಕಿದ್ದೀರಾ?" ಎಂದು ಕೇಳಿದೆ.

"ಅಯ್ಯೋ, ಎಂತದೂ ಹಾಕಿಲ್ಲ. ಮೂಲೆಯಲ್ಲಿಟ್ಟು ಮರ್ತೇಬಿಟ್ಟಿದ್ದೆ. ತಾನಾಗೇ ಆಗಿದ್ದು," ಎಂದರು.

ಬಾಪನ ಶಾಸ್ತ್ರದಲ್ಲಿ ಯಾವ ದೋಷವೂ ಇಲ್ಲದ ಸಿರ್ಕಾ. ಎರಡು ಚಮಚ ಲೋಟಕ್ಕೆ ಸುರಿದು, ನೀರು ಬೆರೆಸಿ, ಬಾಯಿಯವರೆಗೂ ತಂದೆ. ಕುಡಿಯಲಾಗಲಿಲ್ಲ. ಮೂಲೆಯಲ್ಲಿ ಮರೆತಿಟ್ಟ ನೇರಳೆ ಹಣ್ಣಿಗೆ ಸಿಕ್ಕಷ್ಟು ಕಾಲವೂ ನನ್ನ ಅಣ್ಣನಿಗೆ ಸಿಗಲಿಲ್ಲ.