ಕಿಟಕಿ ಬಳಿಯ ಬಟನ್ ಗುಲಾಬಿ

ಬ್ರಹ್ಮಾವರದ ನರ್ಸರಿಯಿಂದ ಮೊದಲ ಬಟನ್ ಗುಲಾಬಿ ತಂದ ದಿನ ನಮ್ಮತ್ತೆ ಅದನ್ನು ನೋಡಿ ನಕ್ಕುಬಿಟ್ಟರು. ಅವರು ಹೆಮ್ಮಾಡಿಯ ಸೇವಂತಿಗೆ ಗದ್ದೆಗಳ ನಡುವೆ ಹುಟ್ಟಿ ಬೆಳೆದವರು. ಹೂವೆಂದರೆ ಬುಟ್ಟಿಗಟ್ಟಲೆ ಕೊಯ್ಯುವಂತಿರಬೇಕು ಎಂಬುದು ಅವರ ಲೆಕ್ಕ. ಇದೋ, ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು. ಪರಿಮಳವಿಲ್ಲ, ಮುಡಿಯಲು ತೊಟ್ಟಿಲ್ಲ, ದೇವರ ಪಟಕ್ಕೆ ಇಟ್ಟರೆ ಕಾಣಿಸುವುದೂ ಇಲ್ಲ. ಇದಕ್ಕೂ ದುಡ್ಡು ಕೊಟ್ಟೆಯಾ ಎಂದು ಕೇಳಿದರು. ನನಗೆ ಸಿಟ್ಟು ಬರಲಿಲ್ಲ. ಲಕ್ವ ಹೊಡೆದು ಬಲಗೈ, ಬಲಗಾಲು ಸೋತ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅತ್ತೆಯ ಕೈಗುಣ ಕೋಟದವರೆಗೂ ಹೆಸರಾಗಿತ್ತು. ಹೊಸದಾಗಿ ಮಲ್ಲಿಗೆ ಗಿಡ ನೆಡುವವರು ಮೊದಲ ಹಿಡಿ ಮಣ್ಣನ್ನು ಅವರ ಕೈಯಿಂದಲೇ ಹಾಕಿಸುತ್ತಿದ್ದರು. ಅಂಥ ಕೈ ಈಗ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಎಡಗೈಗಾದರೂ ಒಂದು ಕೆಲಸ ಇರಲಿ ಎಂದೇ ನಾನು ಆ ಗಿಡ ತಂದದ್ದು. ಅವರ ಮಂಚದ ಪಕ್ಕದ ಕಿಟಕಿಯಲ್ಲಿಟ್ಟೆ. ನಗು ಮುಗಿದ ಮೇಲೆ ಅವರು ಮೆಲ್ಲಗೆ ಮಣ್ಣು ಮುಟ್ಟಿ ನೋಡಿದರು, ಕೆಂಪು ಮಣ್ಣಿಗೆ ಸ್ವಲ್ಪ ತೆಂಗಿನ ನಾರಿನ ಪುಡಿ ಸೇರಿಸು, ಇಲ್ಲದಿದ್ದರೆ ನೀರು ನಿಂತು ಬೇರು ಕೊಳೆಯುತ್ತದೆ ಎಂದು ಹೇಳಿದರು. ಮರುದಿನದಿಂದ ಗಿಡ ಅವರದ್ದಾಯಿತು. ಎಡಗೈಯಲ್ಲಿ ಉಗುರು ಕತ್ತರಿ ಹಿಡಿದು ಬಾಡಿದ ಹೂವನ್ನು ಐದೆಲೆಯ ಗರಿ ಇರುವಲ್ಲಿಗೆ ಕತ್ತರಿಸುವುದನ್ನು ಕಲಿತರು. ರೂಢಿಯಿಲ್ಲದ ಕೈ, ಹಾಗಾಗಿ ಪ್ರತಿ ಸಲವೂ ಕಡ್ಡಿ ಓರೆಯಾಗಿ ತುಂಡಾಗುತ್ತಿತ್ತು. ಮೀನು ತೊಳೆದ ನೀರು ಹಾಕದೆ ಯಾವ ಗಿಡವೂ ಹೂ ಬಿಡದು ಎಂಬುದು ನಮ್ಮ ಕಡೆಯ ನಂಬಿಕೆ. ಬಂಗುಡೆ ತೊಳೆದ ನೀರನ್ನು ಮಲಗುವ ಕೋಣೆಗೆ ತರುವುದಿಲ್ಲ ಎಂದು ನಾನು ಹಟ ಹಿಡಿದೆ. ಆ ಜಗಳದಲ್ಲಿ ಮಾತ್ರ ನಾನು ಗೆದ್ದೆ.

ಆದರೆ ಆ ಕಿಟಕಿಗೆ ಬೆಳಕಿದೆ, ಬಿಸಿಲಿಲ್ಲ. ಪಕ್ಕದ ಜಾಗದಲ್ಲಿ ಮೂರು ಮಹಡಿ ಎದ್ದ ಮೇಲೆ ಸೂರ್ಯ ಅತ್ತ ಇಣುಕುವುದೇ ಇಲ್ಲ. ಜೊತೆಗೆ ದಿನವಿಡೀ ಫ್ಯಾನಿನ ಗಾಳಿ. ಎರಡು ವಾರದಲ್ಲಿ ಎಲೆಗಳು ಬಿಳಿಚಿಕೊಂಡವು, ಎಲೆಯಡಿ ಸಣ್ಣ ಬಲೆ ಕಟ್ಟಿತು, ನುಸಿ ಹತ್ತಿತ್ತು. ಮೊಗ್ಗು ಅರಳದೆ ಕಪ್ಪಾಗಿ ಉದುರಿತು. ಅತ್ತೆ ಊಟ ಅರ್ಧಕ್ಕೇ ಬಿಟ್ಟರು. ಕೇಳಿದರೆ ಹಸಿವಿಲ್ಲ ಎನ್ನುವರು, ಕಣ್ಣು ಮಾತ್ರ ಕಿಟಕಿಯ ಮೇಲೆ.

ನಾನು ಪುನಃ ಬ್ರಹ್ಮಾವರಕ್ಕೆ ಹೋಗಿ ಅದೇ ಬಣ್ಣದ, ಅದೇ ಎತ್ತರದ ಇನ್ನೊಂದು ಗಿಡ ತಂದೆ. ಅತ್ತೆ ಮಧ್ಯಾಹ್ನ ನಿದ್ದೆ ಹೋದಾಗ ಕುಂಡ ಬದಲಿಸಿದೆ. ಎದ್ದು ನೋಡಿದವರ ಮುಖದಲ್ಲಿ ಬಂದ ಕಳೆಯನ್ನು ಕಂಡು, ಸತ್ಯ ಹೇಳುವ ಮನಸ್ಸು ಯಾರಿಗೆ ಬಂದೀತು? ಸೊರಗಿದ ಹಳೆಯ ಗಿಡವನ್ನು ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಇಟ್ಟೆ. ಅಲ್ಲಿ ಬೆಳಗಿನ ಬಿಸಿಲು ನೇರ ಬೀಳುತ್ತದೆ. ಎಲೆಯಡಿಗೆ ನೀರು ಚಿಮುಕಿಸಿ ತೊಳೆದೆ, ಬೇವಿನೆಣ್ಣೆ ಸವರಿದೆ, ಬಂಗುಡೆ ನೀರನ್ನೂ ಕುಡಿಸಿದೆ. ಸಾಯಬೇಕಾದ ಗಿಡ ಕೆಂಪು ಚಿಗುರು ಬಿಟ್ಟು ಎದ್ದು ನಿಂತಿತು. ಅಲ್ಲಿಂದ ಶುರುವಾಯಿತು ನನ್ನ ಕಣ್ಕಟ್ಟು. ಒಳಗಿನದು ಸಪ್ಪಗಾಗುವ ಹೊತ್ತಿಗೆ ಹೊರಗಿನದು ಒಳಗೆ, ಒಳಗಿನದು ಹೊರಗೆ. ಮಳೆಗಾಲದಲ್ಲಿ ಎಲೆಗೆ ಕಪ್ಪು ಚುಕ್ಕೆ ಬೀಳದಂತೆ ಹೊರಗಿನದನ್ನು ಸೂರಿನಡಿಗೆ ಸರಿಸುವುದು, ಬಿಸಿಲು ಬಿದ್ದರೆ ಪುನಃ ಹೊರಗೆಳೆಯುವುದು. ಗಂಡನಿಗೂ ಹೇಳಲಿಲ್ಲ. ಹೋಟೆಲಿನ ಗಲ್ಲಾದಲ್ಲಿ ದಿನ ಕಳೆಯುವ ಅವರಿಗೆ ಗುಟ್ಟು ಬಾಯಲ್ಲಿ ನಿಲ್ಲುವುದಿಲ್ಲ.

ಮನೆಯೊಳಗೆ ಹೂ ಬಿಡುವ ಗುಲಾಬಿಯನ್ನು ನೋಡಲು ನೆರೆಯವರು ಬಂದರು. ಮಂಚದ ಮೇಲಿದ್ದರೂ ಕೈಗುಣ ಹೋಗಲಿಲ್ಲ ನೋಡಿ ಎಂದು ಅವರು ಹೊಗಳುವಾಗ ಅತ್ತೆ ಬೇಡ ಬೇಡ ಎನ್ನುತ್ತಲೇ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ. ಇಷ್ಟಕ್ಕೇ ನಿಂತಿದ್ದರೆ ಒಂದು ಒಳ್ಳೆಯ ಸುಳ್ಳು ಎಂದುಕೊಂಡು ಸಮಾಧಾನ ಪಡಬಹುದಿತ್ತು.

ಡಾಕ್ಟರು ಮೊದಲೇ ಹೇಳಿದ್ದರು, ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಬಿಸಿಲಿಗೆ, ಗಾಳಿಗೆ ಕರೆದುಕೊಂಡು ಹೋಗಿ ಎಂದು. ಅದಕ್ಕೆಂದೇ ಗಾಲಿ ಕುರ್ಚಿಯೂ ಬಂತು. ಅತ್ತೆ ಒಂದೇ ದಿನ ಅದರಲ್ಲಿ ಕೂತು ಅಂಗಳಕ್ಕೆ ಬಂದರು. ಗೇಟಿನಾಚೆ ಹೋಗುತ್ತಿದ್ದವರು ನಿಂತು ಮರುಕದಿಂದ ನೋಡಿದ್ದೇ ನೋಡಿದ್ದು, ಮರುದಿನದಿಂದ ಒಲ್ಲೆ ಎಂದರು. ನಾನು ಕೆಲವು ದಿನ ಒತ್ತಾಯ ಮಾಡಿದೆ. ಒಂದು ಬೆಳಿಗ್ಗೆ ಅವರು ಕಿಟಕಿಯ ಕಡೆ ಕೈ ತೋರಿಸಿದರು.

"ಇದ್ ಕಾಣ್. ಬಿಸ್ಲೇ ಇಲ್ದೆ ಒಳ್ಗೇ ಚಂದ ಇತ್ತ್. ನಂಗ್ ಮಾತ್ರ ಎಂತಕೆ ಬಿಸ್ಲ್?"

ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅವರ ಅಭಿಮಾನಕ್ಕೆ ಪೆಟ್ಟಾಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತ್ರ ನಿಜ. ಅವರನ್ನು ಹೊರಗೆ ಕರೆದೊಯ್ಯುವುದೆಂದರೆ ಸೀರೆ ಬದಲಿಸಬೇಕು, ತಲೆ ಬಾಚಬೇಕು, ಎತ್ತಿ ಕುರ್ಚಿಗೆ ಕೂರಿಸಬೇಕು, ಮೆಟ್ಟಿಲಲ್ಲಿ ಕುರ್ಚಿ ಇಳಿಸಬೇಕು, ಪುನಃ ಅಷ್ಟನ್ನೂ ತಿರುಗಿ ಮಾಡಬೇಕು. ನನ್ನ ಸೊಂಟ ನೋಯುತ್ತಿತ್ತು. ಅವರು ಬೇಡ ಎಂದಾಗ ನನಗೆ ಒಳಗೊಳಗೇ ಹಾಯೆನಿಸಿತು. ಗಿಡ ನನ್ನ ಪರವಾಗಿ ಸಾಕ್ಷಿ ಹೇಳಿತ್ತು. ಆಮೇಲೆ ನಾನು ಕೇಳುವುದನ್ನೇ ಬಿಟ್ಟೆ. ಗಾಲಿ ಕುರ್ಚಿಯ ಮೇಲೆ ಮಡಚಿದ ಬಟ್ಟೆ ಇಡತೊಡಗಿದೆವು. ಅತ್ತೆಯ ಪಾದ ಊದಿಕೊಳ್ಳುತ್ತಿತ್ತು, ಮುಖ ಬೆಳ್ಳಗಾಗುತ್ತಿತ್ತು. ಮುಖ ತೊಳೆಸುವಾಗ ದಿನಾ ನೋಡುತ್ತಿದ್ದೆ, ನೋಡಿದ ಮೇಲೆ ಹಿತ್ತಿಲಿಗೆ ಹೋಗಿ ಗುಲಾಬಿಯ ಕುಂಡವನ್ನು ಬಿಸಿಲು ಬಂದ ಕಡೆಗೆ ತಿರುಗಿಸಿಡುತ್ತಿದ್ದೆ. ಈಗ ನೆನೆದರೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಕಳೆದ ತಿಂಗಳು ಬೈಂದೂರಿನ ನನ್ನ ತವರಿನಲ್ಲಿ ತಮ್ಮನ ಮಗಳ ಮದುವೆ. ಅದರ ಗಡಿಬಿಡಿಯಲ್ಲಿ ಕುಂಡ ಬದಲಿಸುವುದು ತಪ್ಪಿತ್ತು, ಮೇಲಿಂದ ಒಂದು ವಾರ ನಾನು ಅಲ್ಲೇ ಉಳಿದೆ. ಅತ್ತೆಯನ್ನು ನೋಡಿಕೊಳ್ಳಲು ಹಾಲಾಡಿಯಿಂದ ನಾದಿನಿ ಬಂದಿದ್ದಳು. ಒಳಗಿನ ಗಿಡಕ್ಕೆ ನೀರು ಹಾಕುವುದನ್ನು ಅವಳಿಗೆ ಹೇಳಿದ್ದೆ, ಬದಲಿಸುವುದನ್ನು ಹೇಳಿರಲಿಲ್ಲ. ಹೇಗೆ ಹೇಳುವುದು? ನಿನ್ನ ಅಮ್ಮನಿಗೆ ನಾನು ತಿಂಗಳುಗಟ್ಟಲೆ ಮಂಕುಬೂದಿ ಎರಚುತ್ತಿದ್ದೇನೆ ಎಂದೇ?

ತಿರುಗಿ ಬಂದಾಗ ಕಿಟಕಿಯ ಗಿಡದಲ್ಲಿ ಕಡ್ಡಿಗಳೇ ಹೆಚ್ಚು, ಎಲೆ ಕಡಿಮೆ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಎರಡು ದಿನದಿಂದ ಬರೀ ಗಂಜಿ ತಿಳಿ ಕುಡಿಯುತ್ತಿದ್ದಾರೆ ಎಂದು ನಾದಿನಿ ಹೇಳಿದಳು. ನಾನು ಮಂಚದ ಅಂಚಿಗೆ ಕೂತು ಏನಾಯಿತು ಎಂದು ಕೇಳಿದೆ.

"ಕೈಗುಣ ಹೋಯ್ತ್ ಹೆಣೆ," ಎಂದರು. "ಇನ್ನ್ ನಂದೂ ಅಷ್ಟೇ."

ಹಿತ್ತಿಲಲ್ಲಿರುವ ಇನ್ನೊಂದು ಕುಂಡದ ನೆನಪು ತಕ್ಷಣ ಬಂತು. ಅವರು ಕಣ್ಣು ಮುಚ್ಚುವುದನ್ನು ಕಾದರೆ ಸಾಕಿತ್ತು, ಎಲ್ಲ ಮೊದಲಿನಂತೆ. ಆದರೆ ಮೊದಲಿನಂತೆ ಎಂದರೇನು ಎಂಬುದು ಎದುರಿಗೇ ಮಲಗಿತ್ತು. ಊದಿದ ಆ ಪಾದಗಳನ್ನು ನೋಡುತ್ತಾ, ಕೈಗುಣಕ್ಕೆ ಏನೂ ಆಗಿಲ್ಲ, ಗಿಡಕ್ಕೆ ಬಿಸಿಲು ಸಾಲದೆ ಹೀಗಾಗಿದೆ, ಹಿತ್ತಿಲಲ್ಲಿಟ್ಟರೆ ಚಿಗುರುತ್ತದೆ ಎಂದೆ. ನನ್ನ ಬಾಯಿಂದ ಅಷ್ಟೇ ಬಂತು. ಅತ್ತೆ ಮೆಲ್ಲಗೆ ಈ ಕಡೆ ತಿರುಗಿದರು. ಹಾಗಾದರೆ ನಾನೂ ಬರುತ್ತೇನೆ, ಎಲ್ಲಿ ಇಡುತ್ತೀ ಎಂದು ನಾನೇ ನೋಡಬೇಕು ಎಂದರು.

ಅಷ್ಟು ದಿನ ಒಲ್ಲೆ ಎಂದವರು ತಾವಾಗಿ ಬರುತ್ತೇನೆ ಎಂದಾಗ ಸಂತೋಷವಾಗಬೇಕಿತ್ತು. ನನಗೋ ಒಗೆಯುವ ಕಲ್ಲಿನ ಹಿಂದಿನ ಕುಂಡವನ್ನು ಮೊದಲು ಮರೆಮಾಡಬೇಕಿತ್ತು. ಒಂದು ನಿಮಿಷ ಇರಿ, ಜಾಗ ಗುಡಿಸಿ ಬರುತ್ತೇನೆ ಎಂದು ನಾನು ಹೇಳುತ್ತಿರುವಾಗಲೇ ನಾದಿನಿ ಬಟ್ಟೆಗಳನ್ನು ಕೆಳಗಿಟ್ಟು ಕುರ್ಚಿ ತಂದಾಗಿತ್ತು. ಇಬ್ಬರೂ ಸೇರಿ ಎತ್ತಿ ಕೂರಿಸಿದೆವು. ಅತ್ತೆ ಬಾಡಿದ ಗಿಡವನ್ನು ಮಡಿಲಲ್ಲಿ ಹಿಡಿದುಕೊಂಡರು. ನಾದಿನಿ ಹಿಂದಿನ ಬಾಗಿಲಿನಿಂದ ಕುರ್ಚಿ ಇಳಿಸಿದಳು. ನಾನು ಕಳ್ಳಿಯಂತೆ ಹಿಂದೆ ನಡೆದೆ.

ಒಗೆಯುವ ಕಲ್ಲಿನ ಹಿಂದೆ ಗುಲಾಬಿ ಮೈತುಂಬ ಹೂ ಬಿಟ್ಟಿತ್ತು. ಅದೇ ಬಣ್ಣ, ಅಂಥದ್ದೇ ಕುಂಡ. ಇದೆಲ್ಲಿಂದ ಬಂತು ಅತ್ತಿಗೆ ಎಂದು ನಾದಿನಿ ಕೇಳಿದಳು. ಅತ್ತೆ ಎಡಗೈ ಚಾಚಿ ಎಲೆ ಸರಿಸಿ ಕಡ್ಡಿಗಳನ್ನು ನೋಡಿದರು. ಒಂದೊಂದರಲ್ಲೂ ಓರೆಯಾಗಿ ಕತ್ತರಿಸಿದ ಹಳೆಯ ಗುರುತು. ಅದು ಅವರದ್ದೇ ಕೈ. ಬೇರೆ ಯಾರೂ ಹಾಗೆ ಕತ್ತರಿಸುವುದಿಲ್ಲ. ಮಡಿಲಿನ ಗಿಡವನ್ನೂ ತಿರುಗಿಸಿ ನೋಡಿದರು. ಅಲ್ಲೂ ಅದೇ ಗುರುತು. ಅವರಿಗೆ ಬೇರೆ ಯಾವ ವಿವರಣೆಯೂ ಬೇಕಾಗಲಿಲ್ಲ.

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಮಡಿಲಿನ ಕುಂಡವನ್ನು ಕಲ್ಲಿನ ಮೇಲೆ ಇಡಿಸಿದರು, ಬಿಸಿಲು ಬೀಳುತ್ತದೆಯೇ ಎಂದು ನೋಡಿದರು. ಬಿಸಿಲು ಅವರ ಪಾದದ ಮೇಲೆ ಬಿದ್ದಿತ್ತು. ಕೊನೆಗೆ ನನ್ನತ್ತ ನೋಡದೆಯೇ ಹೇಳಿದರು:

"ಇವಕ್ಕೆ ಪಾಳಿ ಕಟ್ಟಿ ಬಿಸ್ಲ್ ಕಾಣ್ಸಿದೆ ಅಲ್ದಾ. ನಂಗೊಂದ್ ಪಾಳಿ ಇಲ್ದೇ ಹೋಯ್ತಾ ಹೆಣೆ?"

ಈಗ ದಿನಾ ಬೆಳಿಗ್ಗೆ ಅವರನ್ನು ಹಿತ್ತಿಲಿಗೆ ಕರೆತರುತ್ತೇನೆ. ಮೊದಲ ಪಾಳಿ ಅವರದ್ದು, ಆಮೇಲೆ ಗಿಡಗಳದ್ದು.