ಗರಗಸದ ಲಾಕಿ

ಆ ಊರಲ್ಲಿ ಲಾಕಿ ಮ್ಯಾಕ್‌ಆಸ್ಕಿಲ್ ಎಂಬವರು ಐದು ಜನ. ಕೇಪ್ ಬ್ರೆಟನ್ ದ್ವೀಪದಲ್ಲಿ ಇದೇನೂ ದೊಡ್ಡ ವಿಷಯವಲ್ಲ, ಅಡ್ಡಹೆಸರು ಇಟ್ಟರೆ ಮುಗಿಯಿತು. ಒಬ್ಬ ದೋಣಿಯ ಲಾಕಿ, ಇನ್ನೊಬ್ಬ ಉಪ್ಪಿನ ಲಾಕಿ; ಉಪ್ಪು ಯಾಕೆಂದು ಅವನ ಹೆಂಡತಿಗೂ ಗೊತ್ತಿಲ್ಲ. ನಮ್ಮವನು ಗರಗಸದ ಲಾಕಿ. ನಲವತ್ತು ವರ್ಷ ಎಂಟು ಕಿಲೋದ ಯಂತ್ರಗರಗಸ ಹೊತ್ತು ಮರ ಕಡಿದವನಿಗೆ ಆ ಹೆಸರು ಪುಕ್ಕಟೆ ಬಂದದ್ದಲ್ಲ. ಯಂತ್ರದ ನಡುಕ ಬೆರಳುಗಳ ಸ್ಪರ್ಶವನ್ನೇ ತಿಂದುಹಾಕಿತ್ತು. ಚಳಿ ತಾಗಿದರೆ ಸಾಕು, ಸುಣ್ಣದಂತೆ ಬಿಳಿಚಿ ಮರಗಟ್ಟುತ್ತಿದ್ದವು. ಇದನ್ನು ಅವನು ಹೆಂಡತಿ ಎಫಿಗೂ ಹೇಳಿರಲಿಲ್ಲ.

ಬಿರುಗಾಳಿ ಕಳೆದ ಮಾರನೆಯ ದಿನ, ಮನೆಯ ದಾರಿಗೆ ಅಡ್ಡಬಿದ್ದ ಸ್ಪ್ರೂಸ್ ಮರಕ್ಕೆ ಗರಗಸ ಇಟ್ಟಾಗ ಹಿಡಿ ಕೈಯಲ್ಲಿದೆಯೋ ಇಲ್ಲವೋ ಅವನಿಗೆ ತಿಳಿಯಲೇ ಇಲ್ಲ. ಯಂತ್ರ ಜಾರಿ ಪ್ಯಾಂಟಿನ ಮೊಣಕಾಲು ಸೀಳಿತು. ಚರ್ಮ ಕೂದಲೆಳೆಯ ಅಂತರದಲ್ಲಿ ಉಳಿಯಿತು. ಪ್ಯಾಂಟನ್ನು ಸೌದೆಯ ಹಿಂದೆ ತುರುಕಿ, ಗರಗಸ ಕೆಟ್ಟಿದೆ ಎಂದು ಎಫಿಗೆ ಹೇಳಿ, ಮರುದಿನ ಬೆಳಿಗ್ಗೆ ಮರದಾಚೆ ನಿಂತಿದ್ದ ಟ್ರಕ್ಕಿನಲ್ಲಿ ಅವಳ ಜೊತೆ ಪೇಟೆಗೆ ಹೊರಟ.

ರೋಡಾಳ ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಊರೇ ಸಾಲುಗಟ್ಟಿತ್ತು. ಲಾಕಿ ಚಿಕ್ಕ ಗರಗಸವೊಂದನ್ನು ಯಾರೂ ನೋಡುತ್ತಿಲ್ಲ ಎಂಬಂತೆ ಎತ್ತಿ ನೋಡಿದ.

"ಏನೋ ಲಾಕಿ, ಮರಕ್ಕೆ ಕ್ಷೌರ ಮಾಡ್ತೀಯೇನೋ?" ಹಿಂದಿನಿಂದ ನೆರೆಯ ಹೆಕ್ಟರ್ ಕೇಳಿದ.

ಸಾಲು ನಕ್ಕಿತು. ಲಾಕಿ ಗರಗಸವನ್ನು ತಟ್ಟನೆ ಕೆಳಗಿಟ್ಟ. ನಾಳೆಯಿಂದ ತನ್ನನ್ನು ಕ್ಷೌರದ ಲಾಕಿ ಎಂದೇ ಕರೆಯುತ್ತಾರೆ, ಸತ್ತ ಮೇಲೂ ಅದೇ ಉಳಿಯುತ್ತದೆ.

"ನನಗಲ್ಲ ಕಣೋ, ಎಫಿಗೆ."

"ಹಾಗಾದ್ರೆ ಅವಳೇ ಎತ್ತಿ ನೋಡ್ಲಿ," ರೋಡಾ ಗಲ್ಲಾ ಬಿಟ್ಟು ಬಂದಳು. "ಬ್ಯಾಟರಿದು ಇನ್ನೂ ಹಗುರ. ಆದ್ರೆ ಕರೆಂಟ್ ಎಲ್ಲಿದೆ ಚಾರ್ಜ್ ಮಾಡೋಕೆ? ಈ ಪೆಟ್ರೋಲಿಂದೇ ವಾಸಿ, ನಾಲ್ಕು ಕಿಲೋ ಇದೆ. ಕರಿ ಅವಳನ್ನ."

ಎಫಿ ಟ್ರಕ್ಕಿನಿಂದ ಬಂದಳು. "ನಿನಗಂತಲ್ಲ ಇದು," ಎಂದು ರೋಡಾ ಗರಗಸ ತೋರಿಸಿದಳು. ಅವಳು ಇದೇನು ಕಥೆ ಎಂದು ಕೇಳಿದರೆ ಮುಗಿಯಿತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ಅವನ ಕೈಯತ್ತ ಒಮ್ಮೆ ನೋಡಿದಳು. ಗರಗಸ ಎತ್ತಿ, ತೋಳು ಚಾಚಿ, ಮೂವತ್ತು ಎಣಿಸುವಷ್ಟು ಹೊತ್ತು ಹಿಡಿದಳು.

"ಹೌದು, ನಾನೇ ಕೇಳಿದ್ದೆ," ಎಂದಳು.

ಮನೆದಾರಿಯ ಮರದ ಬಳಿ ವಾಪಸಾದಾಗ ಲಾಕಿ ಹೊಸ ಗರಗಸಕ್ಕೆ ಕೈ ಚಾಚಿದ. ಎಫಿ ಕೊಡಲಿಲ್ಲ.

"ನಂದು ಅಂದ್ಯಲ್ಲ. ನಿನ್ನ ಪ್ಯಾಂಟ್ ಹೊಲಿದಿಟ್ಟಿದೀನಿ ಲಾಕಿ. ಕಾಲು ಹೊಲಿಯೋಕೆ ನನಗೆ ಬರಲ್ಲ. ಎಲ್ಲಿ ಕೊಯ್ಯಬೇಕು, ಹೇಳು."

ಅವನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಆದರೆ ಸಿಟ್ಟಿಗಿಂತ ಭಯ ದೊಡ್ಡದಾಗಿತ್ತು. ಬುಡ ಕಿತ್ತು ಬಿದ್ದ ಆ ಮರದ ತುದಿ ಆಚೆ ದಿಬ್ಬದ ಮೇಲಿತ್ತು, ನಡು ಬಿಲ್ಲಿನಂತೆ ಜಗ್ಗಿತ್ತು. ತಪ್ಪು ಕಡೆ ಕೊಯ್ದರೆ ಅದು ಕೊಯ್ದವರನ್ನೇ ಹೊಡೆಯುತ್ತದೆ.

"ಬೇರಿನ ಹತ್ರ ನಿಲ್ಲಬೇಡ. ಮೊದಲು ಮೇಲಿಂದ, ಸ್ವಲ್ಪ."

ಗರಗಸ ಗುರುಗುಟ್ಟಿತು. ಸೀಳು ಮುಚ್ಚಿಕೊಳ್ಳತೊಡಗಿತು. ಎಫಿ ಇನ್ನೂ ಒತ್ತುತ್ತಿದ್ದಳು.

"ತೆಗಿ, ಕಚ್ಕೊಳ್ಳುತ್ತೆ. ತೆಗಿಯೇ."

ಕಿತ್ತುಕೊಳ್ಳಬೇಕೆಂದು ಅವನ ಕೈ ಮುಂದಕ್ಕೆ ಹೋಯಿತು. ಬೆರಳುಗಳು ಬೆಳ್ಳಗಿದ್ದವು. ಕೈಯನ್ನು ಜೇಬಿಗೆ ತುರುಕಿ ಮೆಲ್ಲಗೆ ಹೇಳಿದ, "ಈಗ ಕೆಳಗಿಂದ. ನಿಧಾನ. ಶಬ್ದ ಬಂದ ತಕ್ಷಣ ಹಿಂದಕ್ಕೆ ಬಾ."

ಚಟಚಟ ಸದ್ದಾಯಿತು. ಎಫಿ ಹಿಂದಕ್ಕೆ ಸರಿದಳು. ಬುಡ ಬೇರುಸಮೇತ ಎದ್ದು ತನ್ನ ಗುಂಡಿಯಲ್ಲೇ ಧೊಪ್ಪನೆ ನಿಂತಿತು.

ಆ ವಾರವೆಲ್ಲ ನೆರೆಯವರ ದಾರಿಗಳನ್ನು ಅವಳು ಬಿಡಿಸಿದಳು, ಅವನು ಪಕ್ಕದಲ್ಲಿ ನಿಂತು ಹೇಳಿಕೊಟ್ಟ. ಮುಂದಿನ ಸೋಮವಾರ ಫೋನ್ ಬಡಿದುಕೊಂಡಿತು. ಹೆಕ್ಟರ್.

"ಗರಗಸದ ಎಫಿ ಇದ್ದಾಳಾ? ನಮ್ಮ ಕೊಟ್ಟಿಗೆ ಮೇಲೆ ಮರ ಬಿದ್ದಿದೆ. ಮಾತಾಡ್ತಿರೋದು ಯಾರು?"

"ಲಾಕಿ."

"ಯಾವ ಲಾಕಿ?"

ಅವನು ತನ್ನ ಬೆರಳುಗಳನ್ನು ನೋಡಿಕೊಂಡ.

"ಎಫಿಯ ಲಾಕಿ," ಎಂದ. "ತಡಿ, ಕರೀತೀನಿ."